ತುಟಿ ಒಳಗೆ ಗಂಟು ಬಂದಿದೆ. ಆ ರಾತ್ರಿಯಿಂದಲೇ ಬಂದಿದ್ದಾ?

ಕಣದ ಹುಡುಗ · ಜನವರಿ 17, ರಾತ್ರಿ 1:40

ಎಲ್ಲರಿಗೂ ನಮಸ್ಕಾರ. ಇದನ್ನು ಹೇಳಿಕೊಳ್ಳಲು ನನಗೆ ಯಾರೂ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ 26 ವರ್ಷ. ಚಿಕ್ಕಮಗಳೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೇನೆ. ಡಿಸೆಂಬರ್ 28ರಂದು ಪರಿಚಯದವರೊಬ್ಬರು ಬೆಂಗಳೂರಿನಿಂದ ಬಂದು ಹೋಮ್‌ಸ್ಟೇಯಲ್ಲಿ ಇಳಿದಿದ್ದರು. ನನಗಿಂತ ಎರಡು ವರ್ಷ ದೊಡ್ಡವರು. ಆ ರಾತ್ರಿ ಇಬ್ಬರೂ ಒಟ್ಟಿಗಿದ್ದೆವು. ಇಬ್ಬರಿಗೂ ಮನಸ್ಸಿತ್ತು. ಸೆಕ್ಸ್ ಮಾಡುವಾಗ ಕಾಂಡೋಮ್ ಬಳಸಿದ್ದೆವು, ಹರಿದಿರಲಿಲ್ಲ. ಆದರೆ ಬಾಯಿಂದ ಮಾಡುವಾಗ ಏನೂ ಬಳಸಲಿಲ್ಲ. ಮುತ್ತು ಅಂತೂ ಇದ್ದೇ ಇತ್ತು. ಬೆಳಿಗ್ಗೆ ಅವರು ಊರಿಗೆ ಹೊರಟರು. ಮುಂದೇನು ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಜನವರಿ 13ರ ಬೆಳಿಗ್ಗೆ ಹಲ್ಲುಜ್ಜುವಾಗ ಕೆಳತುಟಿಯ ಒಳಗೆ, ಎಡಗಡೆ, ನಾಲಿಗೆಗೆ ಏನೋ ತಾಗಿತು. ಆಗ ಸಾಸಿವೆಗಿಂತ ಸ್ವಲ್ಪ ದೊಡ್ಡದಿತ್ತು. ಈಗ ಕಾಳುಮೆಣಸಿನಷ್ಟಾಗಿದೆ. ನೋವಿಲ್ಲ. ನೋವಿಲ್ಲ ಅನ್ನುವುದೇ ನನಗೆ ಭಯ. ನೆಟ್‌ನಲ್ಲಿ ನೋಡಿದರೆ ಎಲ್ಲ ಕಡೆ ಒಂದೇ ಮಾತು, ನೋವಿಲ್ಲದ ಹುಣ್ಣು ಅಂದರೆ ಸಿಫಿಲಿಸ್ ಅಂತ. ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಹಾಕಿ ತುಟಿ ಮಡಚಿ ನೋಡುತ್ತೇನೆ. ಫೋಟೋ ತೆಗೆದು ನಿನ್ನೆಯ ಫೋಟೋ ಜೊತೆ ಹೋಲಿಸುತ್ತೇನೆ. ಇವತ್ತು ಎಣಿಸಿದೆ, 64 ಫೋಟೋ ಇವೆ.

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ನನ್ನ ಲೋಟ, ತಟ್ಟೆ ಬೇರೆ ಇಟ್ಟುಕೊಂಡೆ. ಅಮ್ಮ "ಯಾಕೋ, ಮೈಲಿಗೆ ಆದವರ ಥರ" ಅಂದರು. ಅಕ್ಕನ ಮಗಳಿಗೆ ಮೂರು ವರ್ಷ. ಎಳ್ಳುಬೆಲ್ಲದ ಕೈಯಲ್ಲೇ ಓಡಿ ಬಂದು ಮುತ್ತು ಕೊಡಲು ಬಂದಳು. ನಾನು ಮುಖ ಆ ಕಡೆ ತಿರುಗಿಸಿದೆ. ಮಗು ಸುಮ್ನೆ ನಿಂತೇ ಇತ್ತು. ಅದು ಕಣ್ಣ ಮುಂದಿಂದ ಹೋಗುತ್ತಿಲ್ಲ.

ಇದು ಸಿಫಿಲಿಸ್ಸಾ, ಹರ್ಪಿಸ್ಸಾ, ಎಚ್‌ಐವಿನಾ? ಪೇಟೆಯ ಒಂದು ಲ್ಯಾಬಿನವರು ಎಲ್ಲ ಟೆಸ್ಟ್ ಸೇರಿಸಿ ಪ್ಯಾಕೇಜ್ ಇದೆ, 3,500 ರೂಪಾಯಿ ಅಂದರು. ಮಾಡಿಸಿಬಿಡಲಾ? ದಯವಿಟ್ಟು ಗೊತ್ತಿರುವವರು ಹೇಳಿ.

ಮಲೆನಾಡ ಮಳೆ · ಜನವರಿ 17, ಬೆಳಿಗ್ಗೆ 6:10

ಉಷ್ಣದ ಗುಳ್ಳೆ ಇರಬೇಕು ಕಣಪ್ಪ. ಕೊಯ್ಲಿನ ಸಮಯ, ಬೆಳಿಗ್ಗೆ ಚಳಿ ಗಾಳಿ, ಮಧ್ಯಾಹ್ನ ಕಣದಲ್ಲಿ ಬಿಸಿಲು. ನಮಗೆಲ್ಲ ತುಟಿ ಒಡೆದೇ ಇರುತ್ತೆ. ತುಪ್ಪ ಹಚ್ಚು, ಮಜ್ಜಿಗೆ ಜಾಸ್ತಿ ಕುಡಿ. ನಾಲ್ಕು ದಿನ ನೋಡು.

ಶಿವಗಂಗೆ · ಜನವರಿ 17, ಬೆಳಿಗ್ಗೆ 7:25

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಹೇಳಲೇಬೇಕು. ಮದುವೆಗೆ ಮೊದಲು ಇಂಥದ್ದಕ್ಕೆ ಕೈ ಹಾಕಿದರೆ ಕೊನೆಗೆ ಹೀಗೇ ಆಗುವುದು. ಮನೆಯವರ ಮುಖ ನೋಡಿಕೊಂಡು ಇನ್ನಾದರೂ ಎಚ್ಚರವಾಗಿರಿ.

ನಿವೃತ್ತ ಸಿಸ್ಟರ್ · ಜನವರಿ 17, ಬೆಳಿಗ್ಗೆ 8:50

ಶಿವಗಂಗೆಯವರೇ, ಆ ಮಾತನ್ನು ನಾನು ವಾರ್ಡಿನಲ್ಲಿ ಮೂವತ್ತು ವರ್ಷ ಕೇಳಿದ್ದೇನೆ. ಆ ಮಾತಿಗೆ ಹೆದರಿ ಎಷ್ಟೋ ಜನ ಹುಣ್ಣು ಮುಚ್ಚಿಕೊಂಡು ಮನೆಯಲ್ಲೇ ಕೂತರು. ಅದರಿಂದ ಅವರ ಹೆಂಡತಿಗೆ, ಹೊಟ್ಟೆಯಲ್ಲಿದ್ದ ಮಗುವಿಗೆ ಕಾಯಿಲೆ ಹೋಗಿದ್ದನ್ನೂ ಕಂಡಿದ್ದೇನೆ. ಈ ಹುಡುಗ ಕೇಳುತ್ತಿದ್ದಾನಲ್ಲ, ಅದೇ ದೊಡ್ಡದು.

ನೋಡಪ್ಪ ತಮ್ಮಾ, ಮೊದಲು ದಿನ ಲೆಕ್ಕ ಹಾಕು. ಡಿಸೆಂಬರ್ 28ರಿಂದ ಜನವರಿ 13ಕ್ಕೆ 16 ದಿನ.

ಹರ್ಪಿಸ್ ಹೊಸದಾಗಿ ತಗುಲಿದರೆ ಸಾಮಾನ್ಯವಾಗಿ 2ರಿಂದ 12 ದಿನದೊಳಗೆ ಕಾಣಿಸುತ್ತೆ. ಅದು ಒಂಟಿ ಗಂಟಾಗಿ ಬರುವುದು ಕಡಿಮೆ. ಮೊದಲು ಜುಮುಜುಮು, ಉರಿ. ಆಮೇಲೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳ ಗೊಂಚಲು, ಬಹುಪಾಲು ತುಟಿಯ ಅಂಚಿನಲ್ಲಿ. ಒಡೆದು ಹೊಪ್ಪಳೆ ಕಟ್ಟಿ ಹತ್ತು ಹದಿನೈದು ದಿನಕ್ಕೆ ವಾಸಿಯಾಗುತ್ತೆ.

ಸಿಫಿಲಿಸ್ ಹುಣ್ಣು 10ರಿಂದ 90 ದಿನದೊಳಗೆ ಯಾವಾಗ ಬೇಕಾದರೂ ಬರಬಹುದು. ಸರಾಸರಿ 21 ದಿನ. ಹಾಗಾಗಿ ಬರೀ ದಿನದ ಲೆಕ್ಕದಲ್ಲಿ ಅದನ್ನು ಅಲ್ಲ ಅನ್ನಲು ಬರುವುದಿಲ್ಲ. ಸುಳ್ಳು ಸಮಾಧಾನ ನಾನು ಹೇಳಲ್ಲ. ಯಾರಾದರೂ ಕಣ್ಣಾರೆ ನೋಡಿ, ಬೆರಳಿನಿಂದ ಮುಟ್ಟಿ ಹೇಳಬೇಕು.

ಎಚ್‌ಐವಿ ತುಟಿಯಲ್ಲಿ ಗಂಟಾಗಿ ಬರುವ ಕಾಯಿಲೆಯಲ್ಲ. ಜೊಲ್ಲಿನಿಂದ, ಲೋಟದಿಂದ, ಎಳ್ಳುಬೆಲ್ಲದಿಂದ ಅದು ಹರಡುವುದಿಲ್ಲ. ಅಮ್ಮನ ಮನೆಯ ಲೋಟದಲ್ಲಿ ಕಾಫಿ ಕುಡಿ.

ಹಲ್ಲಿನ ಡಾಕ್ಟರ್ · ಜನವರಿ 17, ಮಧ್ಯಾಹ್ನ 1:15

ಕಾಫಿ ತೋಟದ ಹುಡುಗರ ಬಾಯಿ ದಿನಾ ನೋಡುವ ಕೆಲಸ ನನ್ನದು, ಅದಕ್ಕೆ ಕೆಲವು ಪ್ರಶ್ನೆ. ಗಂಟು ಒತ್ತಿದರೆ ಮೆತ್ತಗಿದೆಯಾ, ಅಥವಾ ಅಂಗಿ ಗುಂಡಿಯ ಥರ ಗಟ್ಟಿ ಇದೆಯಾ? ಮೇಲಿನ ಚರ್ಮ ನುಣುಪಾಗಿ ಹಾಗೇ ಇದೆಯಾ, ಕಿತ್ತು ಹುಣ್ಣಾಗಿದೆಯಾ? ಬಣ್ಣ ಏನು? ಒಂದು ದಿನ ದೊಡ್ಡದು ಒಂದು ದಿನ ಚಿಕ್ಕದು ಆಗುತ್ತಾ? ದವಡೆ ಕೆಳಗೆ ಗೆಡ್ಡೆ ಸಿಗುತ್ತಾ? ಮತ್ತೆ ಮುಖ್ಯವಾಗಿ, ಡಿಸೆಂಬರ್ ಕೊನೆಯಿಂದ ಈಚೆಗೆ ತುಟಿ ಕಚ್ಚಿಕೊಂಡಿದ್ದು, ಪೆಟ್ಟು ಬಿದ್ದಿದ್ದು ಏನಾದರೂ ನೆನಪಿದೆಯಾ?

ಫೋಟೋ ಹಾಕಬೇಡಿ. ಫೋಟೋದಲ್ಲಿ ಎಲ್ಲ ಗಂಟೂ ಒಂದೇ ಥರ ಕಾಣುತ್ತವೆ.

ಕಣದ ಹುಡುಗ · ಜನವರಿ 17, ರಾತ್ರಿ 9:30

ಡಾಕ್ಟ್ರೇ, ಸಿಸ್ಟರ್, ತುಂಬಾ ಥ್ಯಾಂಕ್ಸ್. ನಿಮ್ಮ ಪ್ರಶ್ನೆ ನೋಡಿ ಕೈ ತೊಳೆದು ಮತ್ತೆ ಮುಟ್ಟಿ ನೋಡಿದೆ. ಮೆತ್ತಗಿದೆ. ನೀರು ತುಂಬಿದ ಬಲೂನ್ ಥರ. ಮೇಲೆ ನುಣುಪಾಗಿದೆ, ಸ್ವಲ್ಪ ನೀಲಿ ಛಾಯೆ ಇದೆ. ದವಡೆ ಕೆಳಗೆ ಏನೂ ಸಿಗಲಿಲ್ಲ.

ಕಚ್ಚಿಕೊಂಡಿದ್ದು ನೆನಪಾಯಿತು! ಜನವರಿ 7 ಅಥವಾ 8 ಇರಬೇಕು. ಕಾಫಿ ಹಣ್ಣಿನ ಮೂಟೆ ತುಂಬಿದ ಪಿಕಪ್‌ನಲ್ಲಿ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಬರುತ್ತಿದ್ದೆ. ಇಳಿಜಾರಿನಲ್ಲಿ ಮೋರಿ ಹತ್ತಿರ ಗಾಡಿ ಎಗರಿತು, ಹಲ್ಲು ತುಟಿಗೆ ನೆಟ್ಟಿತು. ರಕ್ತ ಬಂತು. ಡ್ರೈವರಣ್ಣ ನೀರು ಕೊಟ್ಟ, ಬಾಯಿ ಮುಕ್ಕಳಿಸಿ ಮರೆತುಬಿಟ್ಟೆ.

ಇನ್ನೊಂದು ಹೇಳಬೇಕು. 15ನೇ ತಾರೀಖು ರಾತ್ರಿ ತಡೆಯಲಾಗದೆ ಪಿನ್ನು ಕಾಯಿಸಿ ಚುಚ್ಚಿದೆ. ಕೀವು ಬರಲಿಲ್ಲ. ಮೊಟ್ಟೆಯ ಬಿಳಿ ಲೋಳೆ ಇರುತ್ತಲ್ಲ, ಅಂಥದ್ದು ಬಂತು. ಗಂಟು ಚಪ್ಪಟೆಯಾಯಿತು. ಈಗ ಮತ್ತೆ ತುಂಬಿಕೊಂಡಿದೆ.

ಹಲ್ಲಿನ ಡಾಕ್ಟರ್ · ಜನವರಿ 17, ರಾತ್ರಿ 10:20

ಇನ್ನು ಚುಚ್ಚಬೇಡಿ. ಸೋಂಕಾದರೆ ಇಲ್ಲದ ಕಾಯಿಲೆ ಬರುತ್ತೆ.

ನೀವು ಹೇಳಿದ್ದೆಲ್ಲ ಮ್ಯೂಕೋಸೀಲ್ ಕಡೆಗೆ ಕೈ ತೋರಿಸುತ್ತಿದೆ. ತುಟಿಯ ಒಳಪದರದ ಕೆಳಗೆ ಸಣ್ಣ ಸಣ್ಣ ಜೊಲ್ಲಿನ ಗ್ರಂಥಿಗಳಿವೆ. ಕೆಳತುಟಿ ಮಡಚಿ ಒರೆಸಿ ಒಂದು ನಿಮಿಷ ಬಿಟ್ಟರೆ ಬೆವರಿನ ಹನಿ ಥರ ಜೊಲ್ಲು ಮೂಡುತ್ತಲ್ಲ, ಅವೇ. ಹಲ್ಲು ತಾಗಿ ಅದರ ಸಣ್ಣ ನಾಳ ಹರಿದರೆ ಜೊಲ್ಲು ಹೊರಗೆ ಬರುವ ಬದಲು ಒಳಗೇ ಸೋರಿ ಚೀಲ ಕಟ್ಟುತ್ತೆ. ಅದು ಮೆತ್ತಗೆ, ನೀಲಿಯಾಗಿ, ನೋವಿಲ್ಲದೆ ಇರುತ್ತೆ. ಒಡೆದರೆ ಲೋಳೆ ಬರುತ್ತೆ. ನಾಳ ಸರಿಯಾಗದಿದ್ದರೆ ಮತ್ತೆ ತುಂಬುತ್ತೆ. ಬರುವ ಜಾಗವೂ ಹೆಚ್ಚಾಗಿ ಕೆಳತುಟಿಯೇ. ಇದಕ್ಕೂ ಸೆಕ್ಸ್‌ಗೂ ಸಂಬಂಧವಿಲ್ಲ. ಮಕ್ಕಳಲ್ಲೇ ಎಷ್ಟು ನೋಡುತ್ತೇವೆ.

ಸಿಫಿಲಿಸ್ಸಿನ ಮೊದಲ ಹುಣ್ಣಿಗೂ ನೋವಿರಲ್ಲ, ಅದು ನಿಜ. ಆದರೆ ಅದು ನೀರು ತುಂಬಿದ ಗಂಟಲ್ಲ. ಮೇಲಿನ ಚರ್ಮ ಹೋಗಿ ಹುಣ್ಣಾಗುತ್ತೆ. ತಳ, ಅಂಚು ಗಟ್ಟಿ. ಪಕ್ಕದ ಗೆಡ್ಡೆಗಳೂ ಊದುವುದು ಸಾಮಾನ್ಯ. "ನೋವಿಲ್ಲ" ಅನ್ನುವ ಒಂದೇ ಪದ ಹಿಡಿದುಕೊಂಡು ನೀವು ನಾಲ್ಕು ರಾತ್ರಿ ನಿದ್ದೆ ಕಳೆದುಕೊಂಡಿರಿ.

ಆದರೂ ಪರದೆ ಮೇಲೆ ಓದಿ ನಾನು ಮುದ್ರೆ ಒತ್ತುವುದಿಲ್ಲ. ತೋರಿಸಲೇಬೇಕು. ಹಾಸನದಲ್ಲಿ ಶ್ರೀ ಹಾಸನಾಂಬ ಡೆಂಟಲ್ ಕಾಲೇಜು ಇದೆ, ಹೊರರೋಗಿ ವಿಭಾಗದಲ್ಲಿ ಬಾಯಿ ನೋಡುವವರು ಇರುತ್ತಾರೆ. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲೂ ದಂತ ವಿಭಾಗ ಇದೆ.

ಗುಟ್ಕಾ, ಹೊಗೆಸೊಪ್ಪು ಹಾಕುವವರಿಗೂ ಒಂದು ಮಾತು. ಬಾಯಿಯ ಯಾವುದೇ ಹುಣ್ಣು, ಗಂಟು ಎರಡು ಮೂರು ವಾರದಲ್ಲಿ ಹೋಗದಿದ್ದರೆ ಕಾಯಬೇಡಿ. ಅಲ್ಲಿ ನಮ್ಮ ಭಯ ಬೇರೆಯೇ, ಕ್ಯಾನ್ಸರ್.

ಬೇಲೂರಿನವ · ಜನವರಿ 18, ಬೆಳಿಗ್ಗೆ 5:45

ರಾತ್ರಿ ಪೂರ್ತಿ ಓದಿದೆ. ಹುಡುಗನದು ಜೊಲ್ಲಿನ ಗಂಟೇ ಆಗಿರಲಿ. ಆದರೆ ನನ್ನದು ಆಗಿರಲಿಲ್ಲ. ಇದನ್ನು ಮೊದಲ ಸಲ ಬರೆಯುತ್ತಿದ್ದೇನೆ.

ಆಗ ನನಗೆ 31. ಲಾರಿ ಬಾಡಿಗೆ ಮೇಲೆ ಹೊರಗೆ ಹೋದಾಗ ಒಬ್ಬರ ಜೊತೆ ಇದ್ದೆ. ತಿಂಗಳಾಗುವಷ್ಟರಲ್ಲಿ ಮೇಲ್ತುಟಿಯ ಅಂಚಿನಲ್ಲಿ ಒಂದು ಹುಣ್ಣು. ನಾಲ್ಕಾಣೆ ಅಗಲ, ಅಂಚು ಗಟ್ಟಿ, ನೋವಿಲ್ಲ. ಮೆಡಿಕಲ್‌ನಲ್ಲಿ ಕೇಳಿದೆ, ಒಂದು ಮುಲಾಮು ಕೊಟ್ಟರು. ಹಚ್ಚಿದೆ. ಒಂದು ತಿಂಗಳಲ್ಲಿ ಹುಣ್ಣು ಮಾಯವಾಯಿತು. ಮುಲಾಮಿನಿಂದಲೇ ಹೋಯಿತು ಅಂದುಕೊಂಡೆ. ಈಗ ಗೊತ್ತು, ಆ ಹುಣ್ಣು ಔಷಧಿ ಇಲ್ಲದೆಯೂ ಮೂರರಿಂದ ಆರು ವಾರದಲ್ಲಿ ಹೋಗುತ್ತೆ. ಹುಣ್ಣು ಹೋಗುತ್ತೆ, ಕಾಯಿಲೆ ಹೋಗಲ್ಲ.

ಎರಡು ತಿಂಗಳ ಮೇಲೆ ಮೈಯೆಲ್ಲ ಕೆಂಪು ಕಲೆ. ಅಂಗೈಯಲ್ಲಿ, ಅಂಗಾಲಿನಲ್ಲಿ ತಾಮ್ರದ ಬಣ್ಣದ ಮಚ್ಚೆ. ತುರಿಕೆ ಇಲ್ಲ. ಸ್ಟೇರಿಂಗ್ ಹಿಡಿದಾಗ ಪಕ್ಕದಲ್ಲಿ ಕೂತ ಕ್ಲೀನರ್ ನೋಡಿ "ಅಣ್ಣಾ, ಕೈಗೆ ಏನಾಗಿದೆ" ಅಂದ. ಅವತ್ತೇ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಕೈ ನೋಡಿದ ತಕ್ಷಣ ಬಾಗಿಲು ಹಾಕಿ "ತುಟಿಯಲ್ಲಿ ಅಥವಾ ಕೆಳಗೆ ಮೊದಲು ಹುಣ್ಣಾಗಿತ್ತಾ" ಅಂತ ಕೇಳಿದರು. ಸಿಫಿಲಿಸ್ ನೋಡುವ ವಿಡಿಆರ್‌ಎಲ್ ರಕ್ತ ಪರೀಕ್ಷೆ ಮಾಡಿಸಿದರು, 1:64 ಬಂತು. ಅದನ್ನು ಖಾತ್ರಿ ಮಾಡಲು ಟಿಪಿಎಚ್‌ಎ ಅಂತ ಇನ್ನೊಂದು ಪರೀಕ್ಷೆ.

ಚಿಕಿತ್ಸೆ ಏನು ಗೊತ್ತಾ? ಮೊದಲು ಅಲರ್ಜಿ ಟೆಸ್ಟ್, ಆಮೇಲೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಎರಡು ಪಾಲು ಮಾಡಿ ಎರಡೂ ಕುಂಡೆಗೆ. ಒಂದೇ ದಿನದ ಕೆಲಸ. ಅವತ್ತು ರಾತ್ರಿ ಚಳಿ ಜ್ವರ ಬಂತು. ಔಷಧಿಗೆ ರೋಗಾಣು ಸಾಯುವಾಗ ಹಾಗಾಗುತ್ತೆ, ಒಂದು ದಿನದಲ್ಲಿ ಇಳಿಯುತ್ತೆ ಅಂತ ಮೊದಲೇ ಹೇಳಿದ್ದರು, ಹಾಗೇ ಇಳಿಯಿತು. ವಿಡಿಆರ್‌ಎಲ್ ಆರು ತಿಂಗಳಿಗೆ 1:8, ವರ್ಷಕ್ಕೆ 1:2. ಆ ಅಂಕಿ ಇಳಿದರೆ ಔಷಧಿ ಕೆಲಸ ಮಾಡಿದೆ ಅಂತ.

ನನ್ನ ಅಜ್ಜಿ ಇದನ್ನು ಪರಂಗಿ ಹುಣ್ಣು ಅನ್ನುತ್ತಿದ್ದರು, ಹೆಸರು ಹೇಳಿ ಉಗಿಯುತ್ತಿದ್ದರು. ಆ ಕಾಲದಲ್ಲಿ ಜನ ಮೂಗು ಹೋಗಿ ಬುದ್ಧಿ ಹೋಗಿ ಸಾಯುತ್ತಿದ್ದರಂತೆ. ನನಗೆ ಎರಡು ಸೂಜಿಯಲ್ಲಿ ಮುಗಿಯಿತು. ಆದರೆ ಆ ನಡುವಿನ ಎರಡು ತಿಂಗಳು ನಾನು ಮನೆಯಲ್ಲಿ ಹೆಂಡತಿ ಜೊತೆ ಇದ್ದೆ. ಅವಳಿಗೂ ಸೂಜಿ ಹಾಕಿಸಬೇಕಾಯಿತು. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಹಗರೆ ದಾಟುವ ತನಕ ಒಂದು ಮಾತೂ ಆಡಲಿಲ್ಲ. ತಮ್ಮಾ, ನೀನು ಮುಲಾಮು ಹುಡುಕಬೇಡ. ಹೋಗಿ ತೋರಿಸು.

ಮಲೆನಾಡ ಮಳೆ · ಜನವರಿ 18, ಬೆಳಿಗ್ಗೆ 7:00

ಅಣ್ಣಾ, ಓದಿ ಗಂಟಲು ಕಟ್ಟಿತು. ತುಪ್ಪ ಹಚ್ಚಿ ಕಾಯಿ ಅಂದಿದ್ದು ನನ್ನ ತಪ್ಪು. ತಮ್ಮಾ, ಡಾಕ್ಟರಿಗೆ ತೋರಿಸು.

ಮೂಡಿಗೆರೆ ಅಕ್ಕ · ಜನವರಿ 18, ಮಧ್ಯಾಹ್ನ 3:30

ಸಿಸ್ಟರ್ ಹೇಳಿದ ಗುಳ್ಳೆಗಳ ಗೊಂಚಲು ನನಗೆ ಆರು ವರ್ಷದ ಮಗುವಾಗಿದ್ದಾಗಿನಿಂದ ಬರುತ್ತಿದೆ. ಅಜ್ಜಿಗೂ ಬರುತ್ತಿತ್ತು. ಅಜ್ಜಿ ಮುದ್ದು ಮಾಡುತ್ತಾ ಕೊಟ್ಟಿದ್ದು. ನಮ್ಮ ಮನೆಯಲ್ಲಿ ಅದಕ್ಕೆ "ಹುಳ ಉಚ್ಚೆ ಹೊಯ್ದಿದೆ" ಅನ್ನುತ್ತಿದ್ದರು, ರಾತ್ರಿ ಮಲಗಿದ್ದಾಗ ತುಟಿ ಮೇಲೆ ಹುಳ ಓಡಾಡಿದೆ ಅಂತ. ಜ್ವರ ಬಂದರೆ, ಪರೀಕ್ಷೆ ಹತ್ತಿರ ಬಂದರೆ, ಕೊಯ್ಲಿನ ಬಿಸಿಲಿಗೆ ಹೋದರೆ ಬರುತ್ತಿತ್ತು. ಕಾಲೇಜಿಗೆ ಬಂದ ಮೇಲೆ ಒಬ್ಬಳು ಗೆಳತಿ ಹರ್ಪಿಸ್ ಅಂದಳು. ಆ ಪದ ಕೇಳಿ ವಾರ ಊಟ ಬಿಟ್ಟಿದ್ದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 50 ವರ್ಷದೊಳಗಿನವರಲ್ಲಿ 64%, ಅಂದರೆ ಸುಮಾರು 380 ಕೋಟಿ ಜನರ ಮೈಯಲ್ಲಿ ಈ ಹರ್ಪಿಸ್ ಒಂದನೇ ಬಗೆ ಇದೆ. ಬಹಳ ಜನರಿಗೆ ಬಾಲ್ಯದಲ್ಲೇ ಬಂದಿರುತ್ತೆ, ಎಷ್ಟೋ ಜನರಿಗೆ ಒಂದು ಗುಳ್ಳೆಯೂ ಎದ್ದಿರುವುದಿಲ್ಲ. ಹಾಗಾಗಿ ಯಾರದ್ದಾದರೂ ತುಟಿ ಮೇಲೆ ಗುಳ್ಳೆ ನೋಡಿ ಅವರ ನಡತೆ ಅಳೆಯಬೇಡಿ. ನನ್ನ ನಿಶ್ಚಿತಾರ್ಥದ ದಿನ ಗುಳ್ಳೆ ಎದ್ದಿತ್ತು. ಹುಡುಗನ ಕಡೆಯ ಒಬ್ಬ ಹೆಂಗಸು ನನ್ನ ಗದ್ದ ಹಿಡಿದು ಎಲ್ಲರ ಮುಂದೆ ತಿರುಗಿಸಿ ನೋಡಿದರು. ಆ ಬೆರಳು ಇವತ್ತಿಗೂ ಗದ್ದದ ಮೇಲೆ ಇದ್ದಂತಿದೆ.

ಎಚ್ಚರ ಬೇಡ ಅಂತಲ್ಲ. ಗುಳ್ಳೆ ಇದ್ದಾಗ ಯಾರಿಗೂ ಮುತ್ತು ಕೊಡಲ್ಲ. ಬಾಯಿಂದ ಸೆಕ್ಸ್ ಅಂತೂ ಇಲ್ಲವೇ ಇಲ್ಲ, ಅದರಿಂದ ಕೆಳಗೂ ಹರಡುತ್ತೆ. ಹಸುಗೂಸಿನ ಹತ್ತಿರ ಹೋಗಲ್ಲ, ಕೂಸಿಗೆ ಅದು ಪ್ರಾಣಕ್ಕೇ ಕುತ್ತು. ಜುಮುಜುಮು ಶುರುವಾದ ದಿನವೇ ಡಾಕ್ಟರ್ ಬರೆದುಕೊಟ್ಟ ಅಸೈಕ್ಲೋವಿರ್ ಮಾತ್ರೆ ತಗೊಂಡರೆ ಬೇಗ ಇಳಿಯುತ್ತೆ. ಮೆಡಿಕಲ್‌ನವರು ಕೊಡುವ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ, ನನಗೆ ಮೂಗಿನ ತನಕ ಹಬ್ಬಿತ್ತು.

ಇನ್ನೊಂದು ಮಾತು ತಮ್ಮಾ. ನಿನ್ನ ಮೊದಲ ಬರಹ ಎರಡು ಸಲ ಓದಿದೆ. ಅವರಿಂದ ನಿನಗೆ ಏನು ಬಂತು ಅಂತ ಮಾತ್ರ ಇದೆ. ನಿನ್ನಿಂದ ಅವರಿಗೆ ಏನಾದರೂ ಹೋಗಿರಬಹುದಾ ಅಂತ ಒಂದು ಸಾಲೂ ಇಲ್ಲ. ಅವರೂ ಬೆಂಗಳೂರಿನ ಯಾವುದೋ ರೂಮಿನಲ್ಲಿ ಕನ್ನಡಿ ಮುಂದೆ ನಿಂತಿರಬಹುದು, ಅಲ್ವಾ?

ತೋಟದ ದಾರಿ · ಜನವರಿ 18, ಸಂಜೆ 6:40

ಅಕ್ಕಾ, ರಿಪೋರ್ಟ್ ಬರುವ ಮೊದಲೇ ಹೇಳಿ ಅವರನ್ನು ಯಾಕೆ ಹೆದರಿಸಬೇಕು? ನೆಗೆಟಿವ್ ಬಂದರೆ ಹೇಳುವ ಅಗತ್ಯವೇ ಇಲ್ಲ. ಸುಮ್ನೆ ಇಬ್ಬರಿಗೂ ಮುಜುಗರ.

ಮೂಡಿಗೆರೆ ಅಕ್ಕ · ಜನವರಿ 18, ಸಂಜೆ 7:05

ಹೆದರಿಸುವುದು ಬೇರೆ, ವಿಚಾರಿಸುವುದು ಬೇರೆ. "ನಾನು ಟೆಸ್ಟ್ ಮಾಡಿಸುತ್ತಿದ್ದೇನೆ, ನೀವೂ ಮಾಡಿಸಿದರೆ ಒಳ್ಳೆಯದು" ಅನ್ನಲು ರಿಪೋರ್ಟ್ ಬೇಕಿಲ್ಲ. ಹೆಣ್ಣಿಗೆ ಎಷ್ಟೋ ಸೋಂಕು ಹೊರಗೆ ಕಾಣುವುದೇ ಇಲ್ಲ. ಕಂಡಾಗ ತಡವಾಗಿರುತ್ತೆ.

ನಿವೃತ್ತ ಸಿಸ್ಟರ್ · ಜನವರಿ 18, ರಾತ್ರಿ 9:15

ಆ 3,500ರ ಪ್ಯಾಕೇಜ್ ವಿಷಯ ಯಾರೂ ಹೇಳಲಿಲ್ಲ. ಅದನ್ನು ಈಗಲೇ ಮಾಡಿಸಬೇಡ ತಮ್ಮಾ. ಅಂಥ ಪ್ಯಾಕೇಜಿನಲ್ಲಿ ಹರ್ಪಿಸ್ ಐಜಿಎಂ, ಐಜಿಜಿ ಸೇರಿಸಿರುತ್ತಾರೆ. ಅವು ರೋಗಾಣು ವಿರುದ್ಧ ಮೈ ತಯಾರಿಸುವ ಪ್ರತಿಕಾಯ ನೋಡುವ ರಕ್ತ ಪರೀಕ್ಷೆಗಳು. ಐಜಿಜಿ ಪಾಸಿಟಿವ್ ಬಂದರೆ ಮೈಯಲ್ಲಿ ವೈರಸ್ ಇದೆ ಅಂತ ಮಾತ್ರ ಗೊತ್ತಾಗುತ್ತೆ. ಡಿಸೆಂಬರಿನಲ್ಲಿ ಬಂತಾ, ಅಜ್ಜಿಯಿಂದ ಬಂತಾ ಅಂತ ಅದು ಹೇಳಲ್ಲ. ಐಜಿಎಂ ಇನ್ನೂ ದಾರಿ ತಪ್ಪಿಸುತ್ತೆ. ಹರ್ಪಿಸ್ ಅನುಮಾನ ಇದ್ದರೆ ಹಸಿ ಗುಳ್ಳೆಯಿಂದ ಹತ್ತಿಯಲ್ಲಿ ತೆಗೆದು, ವೈರಸ್ಸನ್ನೇ ಹುಡುಕುವ ಪಿಸಿಆರ್ ಮಾಡಿಸುವುದು ಸರಿಯಾದ ದಾರಿ. ನಿನಗೆ ಗುಳ್ಳೆಯೇ ಇಲ್ಲ.

ಟೆಸ್ಟಿಗೆ ಅದರದೇ ದಿನ ಇದೆ. ಮೈ ಪ್ರತಿಕಾಯ ತಯಾರಿಸುವ ಮೊದಲೇ ರಕ್ತ ಕೊಟ್ಟರೆ ನೆಗೆಟಿವ್ ಬಂದೇ ಬರುತ್ತೆ, ಅದನ್ನು ನಂಬಿ ಕೂರಬಾರದು. ಎಚ್‌ಐವಿಗೆ ವೈರಸ್ಸಿನ ತುಣುಕು, ಪ್ರತಿಕಾಯ ಎರಡನ್ನೂ ನೋಡುವ ನಾಲ್ಕನೇ ತಲೆಮಾರಿನ ಪರೀಕ್ಷೆ ಆದರೆ 45 ದಿನ, ಬರೀ ಪ್ರತಿಕಾಯ ನೋಡುವ ಪರೀಕ್ಷೆ ಆದರೆ 90 ದಿನ. ನಿನ್ನ 45ನೇ ದಿನ ಫೆಬ್ರವರಿ 11. ತೊಂಬತ್ತನೆಯದು ಮಾರ್ಚ್ 28. ವಿಡಿಆರ್‌ಎಲ್ ಈಗೊಂದು, ಮೂರು ತಿಂಗಳಿಗೊಂದು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಲ್ಲದಿದ್ದರೆ ಅದನ್ನೂ ಕೇಳು, ಮೂರು ಡೋಸ್. ಎಚ್‌ಐವಿ ತಡೆಯುವ ತುರ್ತು ಮಾತ್ರೆ ಇದೆ, 72 ಗಂಟೆಯೊಳಗೆ ಶುರು ಮಾಡಿ 28 ದಿನ ತಗೊಳ್ಳಬೇಕು. ನಿನಗೆ ಆ ಗಡುವು ಮುಗಿದಿದೆ. ಕಾಂಡೋಮ್ ಹರಿದವರು ಯಾರಾದರೂ ಇದನ್ನು ಓದುತ್ತಿದ್ದರೆ ನೆನಪಿಡಿ.

ಎಲ್ಲಿ ಅಂದರೆ, ಜಿಲ್ಲಾ ಆಸ್ಪತ್ರೆಯ ಐಸಿಟಿಸಿ, ಅಂದರೆ ಎಚ್‌ಐವಿ ಸಮಾಲೋಚನೆ, ಪರೀಕ್ಷೆಯ ಕೇಂದ್ರ. ಪಕ್ಕದಲ್ಲೇ ಸುರಕ್ಷಾ ಕ್ಲಿನಿಕ್ ಅಂತ ಲೈಂಗಿಕ ಸೋಂಕಿಗೆ ಬೇರೆ ಇರುತ್ತೆ. ದುಡ್ಡಿಲ್ಲ. ಮೊದಲು ಆಪ್ತ ಸಮಾಲೋಚಕರು ಕೂರಿಸಿ ಮಾತಾಡುತ್ತಾರೆ, ನೀನು ಒಪ್ಪಿದರೆ ಮಾತ್ರ ರಕ್ತ ತೆಗೆಯುತ್ತಾರೆ. 2017ರ ಎಚ್‌ಐವಿ ಕಾಯ್ದೆ ಇದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶ ಬೇರೆಯವರಿಗೆ ಹೇಳುವ ಹಾಗಿಲ್ಲ. ಹೋಗುವ ಮೊದಲು ಮಾತಾಡಬೇಕು ಅನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡು, ಉಚಿತ.

ಕೆಂಪು ಹಂಚು · ಜನವರಿ 19, ಬೆಳಿಗ್ಗೆ 11:20

ಡಾಕ್ಟರ್, ಮಧ್ಯೆ ಕೇಳುತ್ತಿದ್ದೇನೆ ಕ್ಷಮಿಸಿ. ನನ್ನ ಮೇಲ್ತುಟಿಯ ಅಂಚಿನಲ್ಲಿ ರವೆ ಚೆಲ್ಲಿದ ಹಾಗೆ ಹಳದಿ ಬಿಳಿ ಚುಕ್ಕೆಗಳಿವೆ. ಕಾಲೇಜಿನಿಂದಲೂ ಇವೆ. ಯಾರ ಹತ್ತಿರವೂ ಹೋಗದವನು ನಾನು. ಆದರೂ ಭಯ.

ಹಲ್ಲಿನ ಡಾಕ್ಟರ್ · ಜನವರಿ 19, ಮಧ್ಯಾಹ್ನ 1:40

ಫೋರ್ಡೈಸ್ ಚುಕ್ಕೆಗಳಿರಬೇಕು. ಕೂದಲಿಲ್ಲದ ಜಾಗದಲ್ಲಿರುವ ಎಣ್ಣೆ ಗ್ರಂಥಿಗಳು, ಅಷ್ಟೇ. ದೊಡ್ಡವರಲ್ಲಿ ಬಹುಪಾಲು ಜನರಿಗೆ ಇರುತ್ತವೆ. ಹಿಸುಕಬೇಡಿ, ಏನೂ ಹಚ್ಚಬೇಡಿ.

ಕಣದ ಹುಡುಗ · ಜನವರಿ 23, ರಾತ್ರಿ 8:10

ಹೋಗಿ ಬಂದೆ.

ಚಿಕ್ಕಮಗಳೂರಿನಲ್ಲಿ ಚೀಟಿ ಬರೆಯುವ ಕಡೆ ನಮ್ಮೂರಿನವರೊಬ್ಬರು ಇದ್ದಾರೆ. ಅದಕ್ಕೆ ಬೆಳಿಗ್ಗೆ ಬೇಲೂರು ಮೇಲೆ ಹಾಸನದ ಬಸ್ ಹತ್ತಿದೆ. ಬಸ್ಸಿನಲ್ಲಿ ಎರಡು ಸಲ ಇಳಿದು ವಾಪಸ್ ಹೋಗೋಣ ಅನಿಸಿತು. ಹಗರೆ ಬಂದಾಗ ಬೇಲೂರಿನ ಅಣ್ಣ ಬರೆದಿದ್ದು ನೆನಪಾಯಿತು, ಕೂತೆ.

ಮೊದಲು ಡೆಂಟಲ್ ಕಾಲೇಜು. ನೋಡಿದವರು ನನ್ನ ವಯಸ್ಸಿನ ಹುಡುಗಿ, ಡಾಕ್ಟರು. ಗ್ಲೌಸ್ ಹಾಕಿ ತುಟಿಯನ್ನು ಎರಡು ಬೆರಳ ನಡುವೆ ಹಿಡಿದು ನಿಧಾನ ಒತ್ತಿದರು. ಅಷ್ಟು ದಿನ ನಾನು ಒತ್ತಿದ್ದಕ್ಕೂ ಅವರು ಒತ್ತಿದ್ದಕ್ಕೂ ವ್ಯತ್ಯಾಸ ಇತ್ತು. ನನ್ನ ಕೈ ನಡುಗುತ್ತಿತ್ತು, ಅವರದ್ದು ಇಲ್ಲ. ದೊಡ್ಡ ಡಾಕ್ಟರನ್ನು ಕರೆದರು. ಅವರೂ ನೋಡಿ ಮ್ಯೂಕೋಸೀಲ್ ಅಂದರು. ಮೂರ್ನಾಲ್ಕು ವಾರ ನೋಡೋಣ, ತಾನಾಗಿ ಹೋಗದಿದ್ದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಗ್ರಂಥಿ ಸಮೇತ ತೆಗೆಯುತ್ತೇವೆ ಅಂದರು. ನಾನು ಬಾಯಿ ಬಿಟ್ಟು ಆ ರಾತ್ರಿಯ ವಿಷಯ ಹೇಳಿದೆ. ಅವರ ಮುಖ ಬದಲಾಗಲಿಲ್ಲ. "ಹೇಳಿದ್ದು ಒಳ್ಳೆಯದಾಯಿತು, ರಕ್ತ ಪರೀಕ್ಷೆಗೂ ಹೋಗಿಬನ್ನಿ" ಅಂದರು, ಅಷ್ಟೇ.

ಆಮೇಲೆ ಸರ್ಕಾರಿ ಆಸ್ಪತ್ರೆ. ಸಮಾಲೋಚಕರು ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. ಸಿಸ್ಟರ್ ಹೇಳಿದ ತಾರೀಖುಗಳನ್ನೇ ಅವರೂ ಹೇಳಿದರು. ವಿಡಿಆರ್‌ಎಲ್, ಎಚ್‌ಐವಿ ಎರಡೂ ಈಗ ನೆಗೆಟಿವ್. ಮಾರ್ಚ್ 28ರ ಮೇಲೆ ಮತ್ತೆ ಬರಬೇಕು. ಅಲ್ಲಿಯ ತನಕ ಯಾರ ಜೊತೆಗಾದರೂ ಇದ್ದರೆ ಕಾಂಡೋಮ್ ತಪ್ಪಿಸಬಾರದು ಅಂದರು.

ಅಕ್ಕಾ, ನೀವು ಬರೆದಿದ್ದು ಚುಚ್ಚಿತು. ನಿಜ, ನಾನು ಅವರ ಬಗ್ಗೆ ಯೋಚನೆಯೇ ಮಾಡಿರಲಿಲ್ಲ. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಕೂತು ಮೆಸೇಜ್ ಬರೆದೆ, ನಾಲ್ಕು ಸಲ ಅಳಿಸಿದೆ. ಕೊನೆಗೆ ಕಳಿಸಿದ್ದು ಇಷ್ಟು: "ನಾನು ಇವತ್ತು ಟೆಸ್ಟ್ ಮಾಡಿಸಿದೆ, ಈಗ ನೆಗೆಟಿವ್, ಮಾರ್ಚಿನಲ್ಲಿ ಮತ್ತೆ ಮಾಡಿಸುತ್ತೇನೆ. ನೀವು ಹೇಗಿದ್ದೀರಿ?" ಬೇಲೂರು ಬರುವಷ್ಟರಲ್ಲಿ ಉತ್ತರ ಬಂತು. ಅವರು ಎರಡು ವಾರದಿಂದ ನನ್ನನ್ನು ಕೇಳಬೇಕು ಅಂದುಕೊಂಡಿದ್ದರಂತೆ. ಕೇಳಿದರೆ ನಾನು ತಪ್ಪು ತಿಳಿಯುತ್ತೇನೆ ಅಂತ ಸುಮ್ಮನಿದ್ದರಂತೆ. ಫೆಬ್ರವರಿಯಲ್ಲಿ ಮಾಡಿಸಿ ರಿಪೋರ್ಟ್ ಕಳಿಸುತ್ತೇನೆ ಅಂದಿದ್ದಾರೆ.

ಮೂಡಿಗೆರೆ ಅಕ್ಕ · ಜನವರಿ 23, ರಾತ್ರಿ 8:55

ಕಣ್ಣು ತುಂಬಿತು ತಮ್ಮಾ. ಒಳ್ಳೆಯದಾಗಲಿ.

ಶಿವಗಂಗೆ · ಜನವರಿ 24, ಬೆಳಿಗ್ಗೆ 6:30

ನನ್ನ ಮೊದಲ ಮಾತಿಗೆ ಕ್ಷಮೆ ಇರಲಿ. ನನ್ನ ಮಗನಿಗೂ 24 ವರ್ಷ. ಇಂಥದ್ದು ಬಂದರೆ ಅವನು ನನ್ನ ಹತ್ತಿರ ಹೇಳುತ್ತಾನಾ ಅಂತ ರಾತ್ರಿ ಯೋಚಿಸಿದೆ. ಹೇಳಲ್ಲ. ಅದು ನನಗೆ ನೋವಾಯಿತು.

ಕಣದ ಹುಡುಗ · ಏಪ್ರಿಲ್ 2, ಸಂಜೆ 7:20

ಕೊನೆಯ ಸುದ್ದಿ ಹೇಳಿಬಿಡುತ್ತೇನೆ. ಗಂಟು ಹೋಗಲಿಲ್ಲ, ಫೆಬ್ರವರಿ ಕೊನೆಯಲ್ಲಿ ತೆಗೆಸಿದೆ. ಇಂಜೆಕ್ಷನ್ ಚುಚ್ಚಿದಾಗ ಮಾತ್ರ ನೋವು. ಮೂರು ಹೊಲಿಗೆ. ಮೊದಲ ಎರಡು ದಿನ ಬಿಸಿ ಕಾಫಿ ಬೇಡ ಅಂದಿದ್ದರು, ಎಸ್ಟೇಟಿನಲ್ಲಿದ್ದುಕೊಂಡು ಅದೇ ಕಷ್ಟವಾಯಿತು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು, ಮ್ಯೂಕೋಸೀಲ್ ಅಂತಲೇ ಬಂತು. ಮೊನ್ನೆ ಹಾಸನದಲ್ಲಿ ಮತ್ತೆ ರಕ್ತ ಕೊಟ್ಟೆ. ಎರಡೂ ನೆಗೆಟಿವ್. ಅವರದ್ದೂ ಸರಿ ಇದೆ. ಆ 64 ಫೋಟೋ ಅಳಿಸಿದೆ.

ಅರಸೀಕೆರೆ 24 · ಏಪ್ರಿಲ್ 3, ರಾತ್ರಿ 12:50

ಅಣ್ಣಾ, ಪೂರ್ತಿ ಓದಿದೆ. ನಾನು ಹುಡುಗಿ. ನನಗೂ ಹನ್ನೆರಡು ದಿನದ ಹಿಂದೆ ಹೀಗೇ ಆಯಿತು. ಈಗ ತುಟಿಯ ಮೂಲೆಯಲ್ಲಿ ನಾಲ್ಕೈದು ಗುಳ್ಳೆ, ಉರಿ. ಒಬ್ಬಳೇ ಆಸ್ಪತ್ರೆಗೆ ಹೋದರೆ ಗಂಡನ ಹೆಸರು, ಮನೆಯವರ ನಂಬರ್ ಕೇಳುತ್ತಾರಾ? ಹೊರಗೆ ಬೋರ್ಡ್ ಇರುತ್ತಲ್ಲ, ಅದರ ಕೆಳಗೆ ಕೂರಲು ಭಯ.

ನಿವೃತ್ತ ಸಿಸ್ಟರ್ · ಏಪ್ರಿಲ್ 3, ಬೆಳಿಗ್ಗೆ 5:30

ಮಗಳೇ, ಒಬ್ಬಳೇ ಹೋಗಬಹುದು. ವಯಸ್ಸಿಗೆ ಬಂದವಳು ನೀನು, ನಿನ್ನ ಒಪ್ಪಿಗೆ ಸಾಕು. ಉರಿ, ಗುಳ್ಳೆ ಅಂದರೆ ತಡ ಮಾಡಬೇಡ, ಗುಳ್ಳೆ ಹಸಿ ಇರುವಾಗಲೇ ತೋರಿಸಿದರೆ ಗುರುತು ಹಿಡಿಯಲು ಸುಲಭ, ಮಾತ್ರೆಯೂ ಚೆನ್ನಾಗಿ ಕೆಲಸ ಮಾಡುತ್ತೆ. ನೇರವಾಗಿ ಚರ್ಮದ ವಿಭಾಗಕ್ಕೆ ಚೀಟಿ ಮಾಡಿಸು. ತುರಿ, ಕಜ್ಜಿ, ಕೂದಲು ಉದುರುವವರೆಲ್ಲ ಅಲ್ಲೇ ಕೂತಿರುತ್ತಾರೆ, ಯಾರೂ ಏನೂ ಅಂದುಕೊಳ್ಳಲ್ಲ. ಹೆಂಗಸು ಡಾಕ್ಟರೇ ಬೇಕು ಅಂತ ಕೇಳು, ಕೇಳುವುದರಲ್ಲಿ ತಪ್ಪಿಲ್ಲ. ಮುಟ್ಟು ತಪ್ಪಿದ್ದರೆ ಅದನ್ನೂ ಹೇಳು.

ಕಣದ ಹುಡುಗ · ಏಪ್ರಿಲ್ 3, ಬೆಳಿಗ್ಗೆ 6:05

ತಂಗೀ, ಇವತ್ತೇ ಹೋಗು. ಬೆಳಿಗ್ಗೆ ಒಂಬತ್ತಕ್ಕೆಲ್ಲ ಚೀಟಿ ಸಾಲು ಶುರುವಾಗುತ್ತೆ, ಆಧಾರ್ ಇಟ್ಟುಕೋ. ಒಳಗೆ ಹೋದಾಗ ಮಾತು ಬರದಿದ್ದರೆ ಅಂತ ನಾನು ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ, ತಾರೀಖು ಸಮೇತ. ಅದನ್ನೇ ಡಾಕ್ಟರ್ ಕೈಗೆ ಕೊಟ್ಟೆ. ನೀನೂ ಹಾಗೇ ಮಾಡು. ಮಧ್ಯಾಹ್ನ ಇಲ್ಲಿ ಬರಿ, ನಾನು ನೋಡುತ್ತಿರುತ್ತೇನೆ.